ಜನವರಿ ಒಂದರ ಪ್ರತಿಜ್ಞೆಗಳು

ನಸುಕಿನ ನಾಲ್ಕಕ್ಕೆದ್ದು ತಣ್ಣೀರು ಮೀಯುವೆನೆಂಬ ಹೊಸವರ್ಷದ ಪ್ರತಿಜ್ಞೆಯನ್ನು ನಾನು ಒಪ್ಪಲಾರೆ. ಹಿಂದೊಮ್ಮೆ ಮಗನ ಒತ್ತಾಯಕ್ಕೆ ಒಪ್ಪಿ, ಮೂರನೆಯ ದಿನವೇ ಬಚ್ಚಲಲ್ಲಿ ಕುಸಿದವನು ನಾನು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ವೃದ್ಧರಿಗೆ ಅದು ಸಾಧನೆಯಲ್ಲ, ಅಪಾಯ.

ನಮ್ಮ ಯಾವಗಲ್ಲಿನ ಎರೆಹೊಲಗಳನ್ನು ನೋಡಿರಿ. ಹಿಂಗಾರಿಗೆ ಬಿತ್ತಿದ ಬಿಳಿಜೋಳ, ಕಡಲೆಗಳು ಮಳೆ ನಿಂತ ಮೇಲೆ ಮಣ್ಣು ಹಿಡಿದಿಟ್ಟ ತೇವದಲ್ಲಿಯೇ ಬೆಳೆಯುತ್ತವೆ. ಜನವರಿಯಲ್ಲಿ ಹೊಸದಾಗಿ ಜೋಳ ಬಿತ್ತುವ ಒಕ್ಕಲಿಗನನ್ನು ನಾನು ಕಂಡಿಲ್ಲ. ಎಡೆ ಹೊಡೆದು ಇದ್ದ ತೇವವನ್ನು ಕಾಯ್ದುಕೊಂಡವರನ್ನು ಕಂಡಿದ್ದೇನೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಎಳ್ಳಿನ ಹೋಳಿಗೆ ಉಂಡು (ಎಣ್ಣೆಗಾಯಿ ಇರಲೇಬೇಕು) ಹೊಲದಲ್ಲಿಯೇ ಒರಗುವ ಅವರು ಸೋಮಾರಿಗಳೇ?

ಈ ಚಳಿಗೆ ನನ್ನ ಗುರಿ ಒಂದೇ: ಬಿಸಿಲೇರಿದ ಮೇಲೆ ಹೊಲದ ದಾರಿಯಲ್ಲಿ ಒಂದು ಸುತ್ತು. ಮಗನಿಗೂ ಹೇಳಿದ್ದೇನೆ; ಅವನಿನ್ನೂ ಒಪ್ಪಿಲ್ಲ.