ಹೊರ ವರ್ತುಲ ರಸ್ತೆಯೂ ಮುನಿಸಂಘದ ವಿಹಾರವೂ

ಸೊಲ್ಲಾಪುರದಿಂದ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ವ್ಯಾಪಾರದ ದಾರಿ. ಮುನಿಸಂಘಗಳ ವಿಹಾರದ ದಾರಿಯೂ ಹೌದು. ಪಟಾನ್‌ಚೆರು ಸಮೀಪದ ಮುತ್ತಂಗಿಯಲ್ಲಿ ಅದು ಹೊರ ವರ್ತುಲ ರಸ್ತೆಯನ್ನು ಕೂಡುತ್ತದೆ. ಲಾರಿಗೆ ಅಲ್ಲಿಂದ ಸುಖ. ಸಂಘದ ಜೊತೆ ನಡೆಯುವ ಶ್ರಾವಕರಿಗೆ ಅಲ್ಲಿಂದಲೇ ಚಿಂತೆ.

ಪಟಾನ್‌ಚೆರು ಹಳೆಯ ಊರು. ಚಾಲುಕ್ಯರ ಕಾಲದಲ್ಲಿ ಪೊಟ್ಟಳಕೆರೆ ಎನಿಸಿತ್ತು. ಜಿನಬಿಂಬಗಳೂ ಅಲ್ಲಿ ದೊರೆತಿವೆ. ಪಕ್ಕದ ರಾಮಚಂದ್ರಾಪುರಕ್ಕೆ 1960ರ ದಶಕದಲ್ಲಿ ಬಿ.ಎಚ್.ಇ.ಎಲ್. ಕಾರ್ಖಾನೆ ಬಂತು, 1972ರಲ್ಲಿ ಪಟಾನ್‌ಚೆರುವಿಗೆ ಇಕ್ರಿಸ್ಯಾಟ್. ಆಗಲೂ ಬೇಗಂ ಬಜಾರಕ್ಕೂ ಇಲ್ಲಿಗೂ ನಡುವೆ ಬಯಲು, ಹೊಲ ಇದ್ದವು. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಪಶ್ಚಿಮದ ಭೂಮಿಗೆ ಬಂಗಾರದ ಬೆಲೆ ಬಂತು. 2007ರಲ್ಲಿ ಪಟಾನ್‌ಚೆರು ಸಹಿತ 12 ಪುರಸಭೆಗಳು ಮಹಾನಗರ ಪಾಲಿಕೆಗೆ ಸೇರಿದವು. ಮರುವರ್ಷ ಶಂಷಾಬಾದಿನ ವಿಮಾನ ನಿಲ್ದಾಣ, ಅದೇ ವರ್ಷ ಗಚ್ಚಿಬೌಲಿಯಿಂದ ಅಲ್ಲಿಯವರೆಗೆ ವರ್ತುಲ ರಸ್ತೆಯ ಮೊದಲ ಭಾಗ. 158 ಕಿಲೋಮೀಟರಿನ ಉಂಗುರ ಪೂರ್ತಿಯಾದದ್ದು 2018ರಲ್ಲಿ. ಊರು ಬೆಳೆದ ಮೇಲೆ ರಸ್ತೆಯಾಗುವುದು ಹಿಂದಿನ ಕ್ರಮ. ಇಲ್ಲಿ ಬಹಳ ಕಡೆ ರಸ್ತೆ ಮೊದಲು, ಬಡಾವಣೆ ಆಮೇಲೆ.

ಕೊಲ್ಲಿಪಾಕೆಯ ಆದಿನಾಥ ಸ್ವಾಮಿಯ ದರ್ಶನಕ್ಕೆ ಕಾರಿನಲ್ಲಿ ಹೋಗುವವರು ಮುತ್ತಂಗಿಯಲ್ಲಿ ಹತ್ತಿ, ಘಟಕೇಸರದಲ್ಲಿ ಇಳಿದು, ಭುವನಗಿರಿ ದಾಟಿ ಆಲೇರು ಸೇರುತ್ತಾರೆ. ನಗರದ ಮುಖ ನೋಡಬೇಕಿಲ್ಲ. ಸಂಘಕ್ಕೆ ಇಷ್ಟೇ ದೂರ ಹಲವು ದಿನದ ನಡಿಗೆ. ಎಂಟು ಪಥದ ಈ ರಸ್ತೆಯಲ್ಲಿ ಪಾದಚಾರಿಗೂ ಸ್ಕೂಟರಿಗೂ ಪ್ರವೇಶವಿಲ್ಲ. ಅದು ಸರಿಯೇ, ಆ ವೇಗದ ನಡುವೆ ಯಾರೂ ನಡೆಯಬಾರದು. ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ. ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲ ನೋಡಿ ನಡೆಯುವವರು. ಹಿಂದಿನಿಂದ ಬರುವ ಲಾರಿಯನ್ನು ನೋಡಬೇಕಾದವರು ನಾವು. ವಿಹಾರದಲ್ಲಿ ವಾಹನ ಬಡಿದು ಸಾಧು ಸಾಧ್ವಿಯರು ತೀರಿಕೊಂಡ ಸುದ್ದಿ ದೇಶದ ಹೆದ್ದಾರಿಗಳಿಂದ ಮತ್ತೆ ಮತ್ತೆ ಬರುತ್ತಿದೆ. ಹಿಂದೆ ಒಂದು ವಾಹನ ದೀಪ ಹಾಕಿಕೊಂಡು ಬರಲಿ. ಜೊತೆಗಾರರು ಹೊಳೆಯುವ ಪಟ್ಟಿಯ ಅಂಗಿ ತೊಡಲಿ. ನಸುಕಿನಲ್ಲಿ ಹೊರಡಿಸುವ ಅವಸರ ಬೇಡ.

ಇನ್ನು ಆಹಾರದ ಪ್ರಶ್ನೆ. ಹಳ್ಳಿಯಲ್ಲಿ ಬಾಗಿಲ ಮುಂದೆ ಕಲಶ ಹಿಡಿದು ನಿಂತರೆ ಸಾಕಿತ್ತು. ಹನ್ನೆರಡನೇ ಮಹಡಿಯ ಬಾಗಿಲಲ್ಲಿ ನಿಂತು ಯಾರನ್ನು ಪ್ರತಿಗ್ರಹಿಸುವುದು? ಕಾವಲುಗಾರ ಗೇಟಿನಲ್ಲೇ ಹೆಸರು ಕೇಳುತ್ತಾನೆ! ನಮ್ಮ ಮಕ್ಕಳು ಆ ಕಡೆ ಫ್ಲ್ಯಾಟು ಕೊಂಡಿದ್ದಾರೆ, ಸಂತೋಷ. ಅವರಲ್ಲಿ ನಾಲ್ಕು ಮನೆಯವರು ಕೂಡಿ ನೆಲಮಹಡಿಯಲ್ಲಿ ಬಾವಿನೀರು ಸಿಗುವ ಒಂದು ಜಾಗವನ್ನು ಚೌಕಕ್ಕೂ ವಸತಿಗೂ ಗೊತ್ತುಮಾಡಿಕೊಂಡರೆ ಒಂದು ದಿನದ ಮಜಲು ನಿಶ್ಚಿಂತೆ. ಚಾತುರ್ಮಾಸ ಮುಗಿದು ಸಂಘಗಳು ಹೊರಡುವ ಮೊದಲೇ ಇದನ್ನು ಮಾತಾಡಿಕೊಳ್ಳಬೇಕು.