ಏರಿಯ ಮಣ್ಣು, ಹಕ್ಕಿಯ ಹಕ್ಕು

ಪವಿತ್ರ ಕುರ್‌ಆನಿನ 34ನೇ ಅಧ್ಯಾಯದ ಹೆಸರು ಸಬಾ. ಯಮನಿನಲ್ಲಿ ಬಾಳಿದ ಒಂದು ಸಮೃದ್ಧ ಜನಾಂಗದ ಹೆಸರದು. ಅವರ ನಾಡಿನ ಎಡಕ್ಕೂ ಬಲಕ್ಕೂ ತೋಟಗಳಿದ್ದವು. ಅಲ್ಲಾಹನು ಕೊಟ್ಟದ್ದನ್ನು ಉಂಡು ಅವನಿಗೆ ಕೃತಜ್ಞರಾಗಿರಬೇಕೆಂಬುದಷ್ಟೇ ಅವರಿಂದ ಬಯಸಿದ್ದು. ಅವರು ಮುಖ ತಿರುಗಿಸಿದರು. ಅಣೆಕಟ್ಟು ಒಡೆದು ಪ್ರವಾಹ ಬಂತು. ಹಣ್ಣಿನ ತೋಟಗಳಿದ್ದ ಕಡೆ ಕಹಿ ಕಾಯಿಯ ಗಿಡಗಳೂ ಒಂದಿಷ್ಟು ಬೋರೆ ಗಿಡಗಳೂ ಉಳಿದವು.

ಆ ಅಣೆಕಟ್ಟು ಮಾರಿಬ್ ಎಂಬಲ್ಲಿತ್ತು. ಅದು ಸುಮಾರು 600 ಮೀಟರ್ ಉದ್ದದ ಮಣ್ಣಿನ ಏರಿ. ಎರಡೂ ತುದಿಗಳಲ್ಲಿ ಕಲ್ಲಿನ ತೂಬುಗಳು. ಸಾವಿರಕ್ಕೂ ಹೆಚ್ಚು ವರ್ಷ ಅದು ಆ ಒಣನಾಡನ್ನು ಸಾಕಿತು. ಹಲವು ಸಲ ಒಡೆಯಿತು, ಹಲವು ಸಲ ದುರಸ್ತಿಯಾಯಿತು. ಆನೆಯ ಸೈನ್ಯದ ಚರಿತ್ರೆಯಲ್ಲಿ ನಾವು ಓದುವ ಅಬ್ರಹನು ಕ್ರಿ.ಶ. 548ರಲ್ಲಿ ಅದನ್ನು ದುರಸ್ತಿ ಮಾಡಿಸಿ ಕಲ್ಲಿನಲ್ಲಿ ಶಾಸನ ಬರೆಸಿದ್ದಾನೆ. ಬಳಿಕ ಕೆಲವೇ ದಶಕಗಳಲ್ಲಿ ಅದು ಕೊನೆಯ ಬಾರಿ ಒಡೆಯಿತು. ಮತ್ತೆ ಕಟ್ಟುವವರು ಇರಲಿಲ್ಲ. ಅಂತಹ ಏರಿಯನ್ನು ಇಲಿಗಳು ಕೊರೆದು ಟೊಳ್ಳು ಮಾಡಿದವೆಂದು ಕೆಲವು ವ್ಯಾಖ್ಯಾನಕಾರರು ಬರೆದಿದ್ದಾರೆ.

ಈ ಪಾಠ ಓದಿದಾಗಲೆಲ್ಲ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: "ಉಸ್ತಾದ್, ಮಣ್ಣಿನಿಂದ ಕಟ್ಟಿದರೆ ನೀರು ನಿಲ್ಲುತ್ತದೆಯೇ? ಕರಗಿ ಹೋಗುವುದಿಲ್ಲವೇ?" ಉತ್ತರ ಹುಡುಕಲು ಯಮನಿಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಸಾವಿರಾರು ಕೆರೆಗಳು ನಿಂತಿರುವುದು ಮಣ್ಣಿನ ಏರಿಯ ಮೇಲೆಯೇ.

ಏರಿಯ ಲೆಕ್ಕ ಸರಳ. ಜಿಗುಟು ಮಣ್ಣನ್ನು ಪದರ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿಸಿದರೆ ಅದು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಬುಡ ಅಗಲ, ತಲೆ ಕಿರಿದು. ಅಲೆ ಹೊಡೆಯುವ ಒಳಮೈಗೆ ಕಲ್ಲಿನ ಹೊದಿಕೆ, ಮಳೆ ಬೀಳುವ ಹೊರಮೈಗೆ ಹುಲ್ಲಿನ ಹೊದಿಕೆ. ಗದ್ದೆಗೆ ನೀರು ಬಿಡಲು ತೂಬು. ಹೆಚ್ಚಾದ ನೀರು ಹರಿದು ಹೋಗಲು, ಏರಿಯ ತಲೆಗಿಂತ ತಗ್ಗಿನಲ್ಲಿ ಕೋಡಿ. ಈ ಕೋಡಿಯೇ ಏರಿಯ ಪ್ರಾಣ. ಮಣ್ಣಿನ ಏರಿಯ ತಲೆಯ ಮೇಲೆ ನೀರು ಹರಿಯತೊಡಗಿದರೆ ಮಣ್ಣು ಕೊಚ್ಚಿ ಹೋಗಲು ಹೆಚ್ಚು ಹೊತ್ತು ಬೇಡ.

ಇಂತಹ ಎರಡು ಕೆರೆಗಳು ಇಂದು ಜಗತ್ತಿನ ಗಮನ ಸೆಳೆದಿವೆ. ಒಂದು ಗದಗ ಜಿಲ್ಲೆಯಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆ. ಇನ್ನೊಂದು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ. ಎರಡೂ ಹೊಲಗದ್ದೆಗಳ ನೀರಿಗಾಗಿ ಮನುಷ್ಯರು ಕಟ್ಟಿಕೊಂಡ ಕೆರೆಗಳು. ಹಕ್ಕಿಗಳಿಗಾಗಿ ಕಟ್ಟಿದ್ದಲ್ಲ. ಆದರೆ ನೀರು ನಿಂತಿತು, ಹಕ್ಕಿಗಳು ಬಂದವು. ಇಂದು ಇವೆರಡೂ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶಗಳು. 2024ರ ಜನವರಿಯಲ್ಲಿ ಇವೆರಡನ್ನೂ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು.

ಮಾಗಡಿ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್ ಮಾತ್ರ. ಅಷ್ಟರಲ್ಲೇ 166 ಜಾತಿಯ ಪಕ್ಷಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿ ಬೀಡುಬಿಡುತ್ತವೆ. ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯ, ಟಿಬೆಟ್ಟಿನ ಸರೋವರಗಳ ಬಳಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ಬರುತ್ತದೆ. ಯಂತ್ರ ಕಟ್ಟಿ ಹಾರಿಬಿಟ್ಟ ಹೆಬ್ಬಾತುಗಳು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ರೆಕ್ಕೆ ಬಿಚ್ಚಿ ಮಡಿಸುವ ಹಕ್ಕಿಗಳನ್ನು ಆಕಾಶದಲ್ಲಿ ಹಿಡಿದು ನಿಲ್ಲಿಸುವವನು ಪರಮ ದಯಾಳುವಲ್ಲದೆ ಬೇರಾರೂ ಅಲ್ಲವೆಂದು ಮುಲ್ಕ್ ಅಧ್ಯಾಯದಲ್ಲಿ ನಾವು ಪಠಿಸುತ್ತೇವಲ್ಲವೇ? ಆಕಾಶದಲ್ಲಿ ಅವನು ಕಾಯುತ್ತಾನೆ. ಕೆಳಗಿಳಿದಾಗ ಅವುಗಳ ಕಾಲಿಗೆ ನೀರು ಸಿಗುವಂತೆ ನೋಡಿಕೊಳ್ಳುವುದು ಭೂಮಿಯಲ್ಲಿ ಅವನ ಪ್ರತಿನಿಧಿಗಳಾದ ನಮ್ಮ ಹೊಣೆ.

ಅಂಕಸಮುದ್ರ ಕೆಲವು ಶತಮಾನಗಳಷ್ಟು ಹಳೆಯ ಊರ ಕೆರೆ. ಸುಮಾರು 244 ಎಕರೆ. ಅಲ್ಲಿ 30,000ಕ್ಕೂ ಹೆಚ್ಚು ನೀರಹಕ್ಕಿಗಳು ಗೂಡು ಕಟ್ಟಿ, ತಂಗಿ ಬದುಕುತ್ತವೆ. ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ ಮೊದಲಾದ ಹಕ್ಕಿಗಳು ಮರಿ ಮಾಡುತ್ತವೆ. ಮರದ ಬುಡದಲ್ಲಿ ನೀರಿರುವುದೇಕೆ ಮುಖ್ಯ? ಆ ನೀರೇ ಗೂಡಿನ ಬೇಲಿ. ನೀರಿರುವವರೆಗೆ ನಾಯಿ, ನರಿ, ಕಾಡುಬೆಕ್ಕುಗಳು ಮರದ ಹತ್ತಿರ ಬರುವುದು ಕಷ್ಟ. ಮರಿಗಳಿಗೆ ಬೇಕಾದ ಮೀನೂ ಅಲ್ಲೇ ಇದೆ. ಏರಿ ಬಿರಿದು ನೀರು ಸೋರಿದರೆ, ಅಥವಾ ಯಾರೋ ಕೊನೆಯ ಹನಿಯವರೆಗೂ ಪಂಪು ಹಾಕಿ ಎಳೆದರೆ, ಬೇಲಿಯೂ ಹೋಯಿತು, ಬುತ್ತಿಯೂ ಹೋಯಿತು. ಹಾರಲು ಬಾರದ ಮರಿಗಳು ಗೂಡಿನಲ್ಲೇ ಉಳಿಯುತ್ತವೆ.

ಹೊಲಕ್ಕೆ ನೀರು ಬೇಡವೇ, ಮನುಷ್ಯರಿಗಿಂತ ಹಕ್ಕಿ ದೊಡ್ಡದೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ರೈತನ ಹಕ್ಕನ್ನು ಇಸ್ಲಾಮ್ ಅಲ್ಲಗಳೆಯುವುದಿಲ್ಲ. ಆದರೆ ನೀರಿನಲ್ಲಿ ಪಾಲು ಅವನೊಬ್ಬನದೇ ಅಲ್ಲ. ಮಿಕ್ಕಿದ ನೀರನ್ನು ತಡೆಹಿಡಿಯಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬಾಯಾರಿದ ನಾಯಿಗೆ ನೀರುಣಿಸಿದವರ ಪಾಪ ಕ್ಷಮಿಸಲ್ಪಟ್ಟ ಹದೀಸ್ ನಮಗೆಲ್ಲ ಗೊತ್ತು. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿ ಹಕ್ಕಿಯನ್ನು ಕಂಡು, ಅದರ ಮರಿಗಳನ್ನು ಹಿಂದಿರುಗಿಸಿರೆಂದು ಪ್ರವಾದಿ(ಸ) ಅನುಚರರಿಗೆ ಆಜ್ಞಾಪಿಸಿದರು. ಗೂಡಿನ ಕೆಳಗಿನ ನೀರನ್ನು ಕಸಿಯುವುದಕ್ಕೂ ಗೂಡಿನಿಂದ ಮರಿಗಳನ್ನು ಎತ್ತುವುದಕ್ಕೂ ಎಷ್ಟು ಅಂತರ? ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಕೆರೆಯ ತಳದಲ್ಲಿ ಒಂದಷ್ಟು ನೀರುಳಿಸಿ ಮಿಕ್ಕಿದ್ದನ್ನು ಹಂಚಿಕೊಂಡರೆ ಇಬ್ಬರ ಹಕ್ಕೂ ಉಳಿಯುತ್ತದೆ. ಕೆರೆಯಲ್ಲಿ ನೀರಿದ್ದರೆ ಸುತ್ತಲಿನ ಬಾವಿ, ಬೋರ್‌ವೆಲ್ಲುಗಳಲ್ಲೂ ನೀರಿರುತ್ತದೆ ಎಂಬುದನ್ನು ಕೊಡ ಹೊತ್ತು ನಡೆದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕರ್ಮಶಾಸ್ತ್ರ ಗ್ರಂಥಗಳಲ್ಲಿ 'ಹರೀಮ್' ಎಂಬ ವಿಧಿಯಿದೆ. ಬಾವಿಗೆ, ಕಾಲುವೆಗೆ ಸುತ್ತ ಇಷ್ಟು ನೆಲವೆಂದು ಬಿಡಬೇಕು. ನೀರಿಗೆ ಹಾನಿಯಾಗುವಂತೆ ಅಲ್ಲಿ ಯಾರೂ ಅಗೆಯಕೂಡದು, ಕಟ್ಟಕೂಡದು. ಸಾರ್ವಜನಿಕ ಹಿತಕ್ಕಾಗಿ ಹುಲ್ಲುಗಾವಲನ್ನು ಕಾದಿರಿಸುವುದಕ್ಕೆ 'ಹಿಮಾ' ಎನ್ನುತ್ತಾರೆ. ಪ್ರವಾದಿ(ಸ) ನಕೀಅ್ ಎಂಬ ಸ್ಥಳವನ್ನು ಹಾಗೆ ಕಾದಿರಿಸಿದ್ದರು. ನಮ್ಮ ನಾಡಿನ ಹಿರಿಯರೂ ಇದನ್ನು ಬಲ್ಲವರೇ. ಕೆರೆಯ ದುರಸ್ತಿಗೆಂದು 'ಬಿತ್ತುವಟ್ಟ' ಎಂಬ ದತ್ತಿ ಬಿಟ್ಟದ್ದನ್ನು ಹಳೆಯ ಶಾಸನಗಳು ಹೇಳುತ್ತವೆ. ನಮ್ಮ ವಕ್ಫ್‌ಗೂ ಅದಕ್ಕೂ ಆಶಯದಲ್ಲಿ ಬಹಳ ದೂರವಿಲ್ಲ. ತೂಬು ತೆರೆದು ಮುಚ್ಚಿ, ಏರಿಯನ್ನು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆ ಕಟ್ಟಿಸುವುದು ಪುಣ್ಯ. ಕಟ್ಟಿದ್ದನ್ನು ಉಳಿಸುವುದು ಅದಕ್ಕಿಂತ ಕಡಿಮೆಯೇನಲ್ಲವೆಂದು ಅವರು ತಿಳಿದಿದ್ದರು.

ಇಂದು ಅನೇಕ ಊರುಗಳಲ್ಲಿ ನೀರುಗಂಟಿ ಇಲ್ಲ. ಏರಿ ಎಲ್ಲರದ್ದು, ಆದ್ದರಿಂದ ಯಾರದ್ದೂ ಅಲ್ಲ ಎಂಬಂತಾಗಿದೆ. ಮನೆ ಕಟ್ಟುವವರು ಏರಿಯ ಬುಡದಿಂದಲೇ ಮಣ್ಣು ಒಯ್ಯುತ್ತಾರೆ. ಇನ್ನೂ ಒಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಚೀಲ ಒಡ್ಡುತ್ತಾರೆ. ಏರಿಯ ಮೈಮೇಲೆ ದೊಡ್ಡ ಮರ ಬೆಳೆದರೆ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಆ ಮರ ಸತ್ತು ಬೇರು ಕೊಳೆತರೆ ಅದೇ ನೀರಿನ ಸುರಂಗವಾಗುತ್ತದೆ. ಮರ ಬೇಕಾದದ್ದು ಕೆರೆಯೊಳಗಿನ ನಡುಗಡ್ಡೆಯಲ್ಲಿ; ಏರಿಗೆ ಹುಲ್ಲು ಸಾಕು. ಇಲಿ, ಏಡಿಗಳ ಬಿಲಗಳನ್ನೂ ಸಮಯಕ್ಕೆ ಸರಿಯಾಗಿ ಜಿಗುಟು ಮಣ್ಣಿನಿಂದ ಮುಚ್ಚಬೇಕು. ಮಾರಿಬ್‌ನ ಇಲಿಗಳ ಕಥೆ ಬರಿಯ ಕಥೆಯಲ್ಲವೆಂದು ಏರಿ ಕಾಯುವವರು ಬಲ್ಲರು.

ಸಹೋದರಿಯರೇ, ಇದರಲ್ಲಿ ನಮ್ಮದೇನಿದೆ ಎನ್ನಬೇಡಿ. ಮಳೆಗಾಲಕ್ಕೆ ಮುನ್ನ ಮಾಡಿನಲ್ಲಿ ಸರಿದ ಹೆಂಚನ್ನು ಮೊದಲು ಕಾಣುವುದು ಮನೆಯೊಡತಿಯ ಕಣ್ಣು. ಆ ಕಣ್ಣು ಏರಿಗೂ ಬೇಕು. ಬಟ್ಟೆ ಒಗೆಯಲು, ಮೇಕೆ ಮೇಯಿಸಲು ಹೋದಾಗ ಏರಿಯ ಹೊರಬುಡವನ್ನು ನೋಡಿ. ಅಲ್ಲಿ ತುಸು ತಿಳಿನೀರು ಬಸಿಯುವುದು ಮಣ್ಣಿನ ಏರಿಗೆ ಸಹಜ. ಅದೇ ನೀರು ಕದಡಿ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆಯೆಂದು ಅರ್ಥ. ತಡಮಾಡದೆ ಪಂಚಾಯತಿಗೆ ತಿಳಿಸಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ಹೂಳೆತ್ತುವ ಮಾತು ಬಂದಾಗ, ಮರಿ ಮಾಡುವ ಕಾಲ ಕಳೆಯಲಿ, ದಂಡೆಯ ಇಳಿಜಾರನ್ನು ಪೂರ್ತಿ ಕಡಿದು ಬಾವಿಯಂತೆ ಮಾಡಬೇಡಿ, ಕಾಲೂರಿ ಮೇಯುವ ಹಕ್ಕಿಗಳಿಗೆ ತೆಳುನೀರು ಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಿ. ರಜೆಯಲ್ಲಿ ಹಕ್ಕಿ ನೋಡಲು ಹೋದರೆ ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಮಕ್ಕಳು ಕಲ್ಲೆಸೆಯದಂತೆ, ಕೂಗದಂತೆ ನೋಡಿಕೊಳ್ಳಿ.

ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ಅವನ ಪಾಲಿಗೆ ಸದಕವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹಾಗಿರುವಾಗ ಏರಿಯ ಒಂದು ಬಿಲಕ್ಕೆ ಬುಟ್ಟಿ ಮಣ್ಣು ಹಾಕಿದವರಿಗೆ ಪ್ರತಿಫಲ ತಪ್ಪೀತೇ? ಸಬಾದ ಜನರಿಗೆ ನೀರಿತ್ತು, ತೋಟವಿತ್ತು, ಏರಿಯೂ ಇತ್ತು. ಇಲ್ಲವಾದದ್ದು ಕೃತಜ್ಞತೆ. ಅದು ನಾಲಿಗೆಯ ಮೇಲೆ ಮಾತ್ರವಲ್ಲ, ಕೈಯಲ್ಲೂ ಇರಬೇಕು. ಮುಂದಿನ ಮಳೆಗೆ ಮುನ್ನ ನಮ್ಮೂರ ಏರಿಯ ಮೇಲೊಮ್ಮೆ ನಡೆದು ಬರೋಣ. ಅಲ್ಲಾಹನು ನಮ್ಮ ನೀರನ್ನೂ ಅದನ್ನು ನಂಬಿದ ಎಲ್ಲ ಜೀವಗಳನ್ನೂ ಕಾಪಾಡಲಿ. ಆಮೀನ್.