ನಿಧಾನವಾದ ಲಿನಕ್ಸಿಗೆ ಫಾರ್ಮ್ಯಾಟ್ ಒಂದೇ ಮದ್ದಾ?

ಹಾಸ್ಟೆಲ್‌ನಲ್ಲಿ ಯಾರದ್ದೇ ಲ್ಯಾಪ್‌ಟಾಪ್ ನಿಧಾನವಾಗಲಿ, ಪಕ್ಕದ ರೂಮಿನಿಂದ ಬರೋ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕು ಮಗಾ, ಎಲ್ಲಾ ಸರಿಹೋಗುತ್ತೆ." ಉಬುಂಟು 22.04ರಿಂದ 24.04ಕ್ಕೆ ಹೋಗ್ತೀನಿ ಅಂದರೂ ಅದೇ ಮಾತು: "ಅಪ್‌ಗ್ರೇಡ್ ಮಾಡಿದ್ರೆ ಸ್ಲೋ ಆಗುತ್ತೆ, ಫ್ರೆಶ್ ಇನ್‌ಸ್ಟಾಲ್ ಮಾಡು." ಈ ಮಾತನ್ನು ನಾವು ಒಪ್ಪುವುದಿಲ್ಲ. ಹೊಸದಾಗಿ ಹಾಕಬೇಕಾದ ಸಂದರ್ಭಗಳು ಇವೆ, ಆದರೆ ವೇಗ ಅವುಗಳಲ್ಲಿ ಸೇರುವುದು ತೀರಾ ಅಪರೂಪ.

ಈ ನಂಬಿಕೆ ಹುಟ್ಟಿದ್ದು ವಿಂಡೋಸ್ ಕಾಲದಲ್ಲಿ. ಹಾಕಿದ ಪ್ರತಿ ಸಾಫ್ಟ್‌ವೇರ್ ರಿಜಿಸ್ಟ್ರಿಯಲ್ಲಿ ತನ್ನ ಗುರುತು ಬಿಡುತ್ತಿತ್ತು, ಅನ್‌ಇನ್‌ಸ್ಟಾಲ್ ಮಾಡಿದರೂ ಪೂರ್ತಿ ಹೋಗುತ್ತಿರಲಿಲ್ಲ, ಮೇಲೆ ಸ್ಟಾರ್ಟ್‌ಅಪ್‌ನಲ್ಲಿ ಬಂದು ಕೂರುವ ಹತ್ತಾರು ಪ್ರೋಗ್ರಾಂಗಳು. ವರ್ಷಕ್ಕೊಮ್ಮೆ ಫಾರ್ಮ್ಯಾಟ್ ಮಾಡಿಸುವುದು ಮನೆಗೆ ಸುಣ್ಣ ಹೊಡೆಸಿದ ಹಾಗೆ ರೂಢಿಯಾಯಿತು. ನಾವು ಲಿನಕ್ಸಿಗೆ ಬಂದಾಗ ಆ ರೂಢಿಯನ್ನೂ ಜೊತೆಗೇ ತಂದೆವು.

ಆದರೆ ಲಿನಕ್ಸ್ ಕೆಲಸ ಮಾಡುವ ಬಗೆ ಬೇರೆ. ಯಾವ ಫೈಲ್ ಯಾವ ಪ್ಯಾಕೇಜಿನದು ಅನ್ನುವ ಲೆಕ್ಕ ಪ್ಯಾಕೇಜ್ ಮ್ಯಾನೇಜರ್ ಬಳಿ ಇರುತ್ತದೆ. ಅಪ್‌ಗ್ರೇಡ್ ಮಾಡಿದಾಗ ಅದು ಹಳೆಯ ಫೈಲ್ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಡುತ್ತದೆ. ಅಪ್‌ಗ್ರೇಡ್ ಆದ 24.04ರಲ್ಲಿ ಓಡುವ ಕರ್ನಲ್, ಲೈಬ್ರರಿ, ಡೆಸ್ಕ್‌ಟಾಪ್ ಎಲ್ಲವೂ ಹೊಸದಾಗಿ ಹಾಕಿದ 24.04ರಲ್ಲಿ ಇರುವಂಥವೇ. ಕೋಡೂ ಅದೇ, ಪ್ರೊಸೆಸರ್ರೂ ಅದೇ ಅಂದಮೇಲೆ ವೇಗ ಯಾಕೆ ಬೇರೆಯಾಗಬೇಕು? ಎಂದೋ ಹಾಕಿ ಮರೆತ ಪ್ಯಾಕೇಜ್ ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ನಿಜ. ಆದರೆ ಅದು ಓಡದೇ ಇರುವಾಗ ರ‍್ಯಾಮನ್ನೂ ಮುಟ್ಟುವುದಿಲ್ಲ, ಸಿಪಿಯುವನ್ನೂ ಮುಟ್ಟುವುದಿಲ್ಲ.

22.04 ಬಂದಾಗ ಫೈರ್‌ಫಾಕ್ಸ್ ತೆರೆದುಕೊಳ್ಳುವುದು ತಡವಾಗುತ್ತಿದೆ ಎಂಬ ದೂರು ಎಲ್ಲೆಡೆ ಇತ್ತು. ಅಪ್‌ಗ್ರೇಡ್ ಮಾಡಿದವರು ಅಪ್‌ಗ್ರೇಡನ್ನೇ ಬೈದರು. ನಿಜವಾದ ಕಾರಣ, ಆ ಆವೃತ್ತಿಯಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರತೊಡಗಿತ್ತು. ಹೊಸದಾಗಿ ಹಾಕಿದವರಿಗೂ ಸಿಕ್ಕಿದ್ದು ಅದೇ ಸ್ನ್ಯಾಪ್.

"ಆದ್ರೆ ನಾನೇ ನೋಡಿದೀನಿ, ಹೊಸದಾಗಿ ಹಾಕಿದ್ಮೇಲೆ ಫಾಸ್ಟ್ ಆಯ್ತು" ಅಂತ ನೀವು ಹೇಳಬಹುದು. ಆಗಿರುತ್ತದೆ, ಅದು ಸುಳ್ಳಲ್ಲ. ಡಿಬಿಎಂಎಸ್ ಲ್ಯಾಬಿಗೆ ಅಂತ ಹಾಕಿದ ಮೈಎಸ್‌ಕ್ಯೂಎಲ್, ಮಿನಿ ಪ್ರಾಜೆಕ್ಟಿಗೆ ಹಾಕಿದ ಡಾಕರ್, ಎಂದೋ ಟ್ರೈ ಮಾಡಿದ ಅಪಾಚೆ, ಇವೆಲ್ಲ ಬೂಟ್ ಆದ ಕೂಡಲೇ ತಾವಾಗೇ ಎದ್ದು ಕೂರುತ್ತಿದ್ದವು. ಫಾರ್ಮ್ಯಾಟ್ ಮಾಡಿದಾಗ ಅವು ಹೋದವು. ಬ್ರೌಸರ್‌ನ ಇಪ್ಪತ್ತು ಎಕ್ಸ್‌ಟೆನ್ಷನ್ ಹೋದವು. ತುಂಬಿ ತುಳುಕುತ್ತಿದ್ದ ಡಿಸ್ಕ್ ಖಾಲಿಯಾಯಿತು. ವೇಗ ಬಂದದ್ದು ಇವುಗಳಿಂದ. ಮುಂದಿನ ಲ್ಯಾಬ್ ಶುರುವಾಗಿ ಅವೇ ಸರ್ವೀಸ್‌ಗಳು, ಅವೇ ಎಕ್ಸ್‌ಟೆನ್ಷನ್‌ಗಳು ವಾಪಸ್ ಬಂದಾಗ ಲ್ಯಾಪ್‌ಟಾಪ್ ಮತ್ತೆ ಹಳೇ ನಡಿಗೆಗೇ ಬರುತ್ತದೆ. ಬಳಸದ ಸರ್ವೀಸ್ ನಿಲ್ಲಿಸೋಕೆ ಸಾಲುವುದು ಒಂದು ಸಾಲಿನ ಕಮ್ಯಾಂಡ್. ಅದಕ್ಕೆ ಡಿಸ್ಕನ್ನೇ ಅಳಿಸುವುದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಹಳೆಯ ಸೆಟ್ಟಿಂಗ್ ಉಳಿದು ನಿಜವಾಗಿಯೂ ನಿಧಾನವಾಗುವುದೂ ಉಂಟು. ಮೊದಲ ಸಲ ಲಿನಕ್ಸ್ ಹಾಕುವಾಗ ಪರದೆ ಕಪ್ಪಾಗಿ, ಯಾರೋ ಹೇಳಿದರು ಅಂತ ಗ್ರಬ್‌ನಲ್ಲಿ 'ನೋಮೋಡ್‌ಸೆಟ್' ಸೇರಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಪದ ಅಲ್ಲೇ ಉಳಿದರೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಪರದೆಯ ಚಿತ್ರಗಳನ್ನೆಲ್ಲ ಸಿಪಿಯುವೇ ಬಿಡಿಸಬೇಕಾಗುತ್ತದೆ. ಎಷ್ಟು ಸಲ ಅಪ್‌ಗ್ರೇಡ್ ಮಾಡಿದರೂ ಅದು ಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಹೋಗುತ್ತದೆ ನಿಜ. ಆದರೆ ಆ ಒಂದು ಪದ ಅಳಿಸಿ ಗ್ರಬ್ ಅಪ್‌ಡೇಟ್ ಮಾಡಿದರೂ ಹೋಗುತ್ತದೆ.

ಹಾಗಾಗಿ ಪೆನ್‌ಡ್ರೈವ್ ಹುಡುಕೋ ಮೊದಲು ಹತ್ತು ನಿಮಿಷ ಅಳೆಯೋಣ. 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಕೊಟ್ಟರೆ ಬೂಟ್ ಆಗುವಾಗ ಯಾವ ಸರ್ವೀಸ್ ಎಷ್ಟು ಸೆಕೆಂಡ್ ತಿಂದಿತು ಅನ್ನೋ ಪಟ್ಟಿ ಬರುತ್ತದೆ. 'ಫ್ರೀ' ಕಮ್ಯಾಂಡ್ ರ‍್ಯಾಮ್ ಮತ್ತು ಸ್ವಾಪ್ ಲೆಕ್ಕ ಕೊಡುತ್ತದೆ. 4 ಜಿಬಿ ರ‍್ಯಾಮಿನಲ್ಲಿ ಕ್ರೋಮ್, ವಿಎಸ್ ಕೋಡ್, ಡಾಕರ್ ಮೂರನ್ನೂ ಓಡಿಸಿ ಸ್ವಾಪ್ ತುಂಬುತ್ತಿದ್ದರೆ, ನೂರು ಸಲ ಫಾರ್ಮ್ಯಾಟ್ ಮಾಡಿದರೂ ಅದು 4 ಜಿಬಿಯೇ. 'ಡಿಎಫ್' ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುತ್ತದೆ. 'ಎಚ್‌ಟಾಪ್' ಈ ಕ್ಷಣ ಯಾರು ಸಿಪಿಯು ತಿನ್ನುತ್ತಿದ್ದಾರೆ ಅಂತ ತೋರಿಸುತ್ತದೆ. 'ಸ್ಮಾರ್ಟ್‌ಸಿಟಿಎಲ್' ಡಿಸ್ಕಿನ ಆರೋಗ್ಯ ಹೇಳುತ್ತದೆ. ಅಲ್ಲಿ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಡಿಸ್ಕ್ ಬದಲಿಸಿ. ಸಾಯುತ್ತಿರೋ ಡಿಸ್ಕಿಗೆ ಹೊಸ ಉಬುಂಟು ಹಾಕಿ ಏನು ಪ್ರಯೋಜನ? ಹಾಗೇ ಫ್ಯಾನಿನ ಧೂಳು: ಬಿಸಿ ಹೆಚ್ಚಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಯಾವ ಇನ್‌ಸ್ಟಾಲರ್ರೂ ಧೂಳು ಒರೆಸುವುದಿಲ್ಲ. ಇನ್ನೂ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆದರೆ ಅದರ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿ. ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ಅದರಿಂದ.

ಹೊಸದಾಗಿ ಹಾಕಲೇಬೇಕಾದದ್ದು ಯಾವಾಗ? ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕಿದ್ದರೆ ಅದೇ ಸುಲಭದ ದಾರಿ. ಫೈಲ್‌ಸಿಸ್ಟಮ್ ಬದಲಿಸಬೇಕಿದ್ದರೂ ಹಾಗೆಯೇ: 2020ರಲ್ಲಿ ಫೆಡೋರಾ 33 ವರ್ಕ್‌ಸ್ಟೇಷನ್ ಬಿಟಿಆರ್‌ಎಫ್‌ಎಸ್ ಅನ್ನು ಡೀಫಾಲ್ಟ್ ಮಾಡಿತು, ಆದರೆ ಅಪ್‌ಗ್ರೇಡ್ ಮಾಡಿದವರ ಡಿಸ್ಕ್ ಹಳೆಯ ಇಎಕ್ಸ್‌ಟಿ4ರಲ್ಲೇ ಉಳಿಯಿತು. ಯಾರೋ ಸಿಸ್ಟಮ್ ಒಳಗೆ ನುಗ್ಗಿದ್ದಾರೆ ಅನ್ನೋ ಅನುಮಾನವಿದ್ದರೆ ಯೋಚಿಸಲೇಬೇಡಿ, ಅಳಿಸಿ. 16.04ರಲ್ಲೇ ನಿಂತುಬಿಟ್ಟ ಯಂತ್ರವನ್ನು 18.04, 20.04, 22.04 ಅಂತ ಮೆಟ್ಟಿಲು ಹತ್ತಿಸುವುದಕ್ಕಿಂತ ನೇರ 24.04 ಹಾಕುವುದೇ ಜಾಣತನ. ಇವೆಲ್ಲ ಒಳ್ಳೆಯ ಕಾರಣಗಳು. ಯಾವುದೂ "ಸ್ಲೋ ಆಯ್ತು" ಅನ್ನೋದಲ್ಲ.

"ಅರ್ಧ ಗಂಟೆ ಕೆಲಸ, ಅದಕ್ಕೆ ಇಷ್ಟೆಲ್ಲ ಯಾಕೆ?" ಅನ್ನುವವರಿದ್ದಾರೆ. ಅರ್ಧ ಗಂಟೆ ಹಿಡಿಯುವುದು ಇನ್‌ಸ್ಟಾಲರ್‌ಗೆ ಮಾತ್ರ. ಕಂಪೈಲರ್, ಸಿಮ್ಯುಲೇಟರ್, ಬೋರ್ಡಿನ ಡ್ರೈವರ್, ಎಸ್‌ಎಸ್‌ಎಚ್ ಕೀ, ಲೋಕಲ್ ಡೇಟಾಬೇಸ್, ಗಿಟ್‌ಗೆ ಇನ್ನೂ ಪುಶ್ ಮಾಡದ ಕೋಡ್, ಕೊನೆಗೆ ನಮ್ಮ ಕನ್ನಡ ಫಾಂಟು ಮತ್ತು ಕೀಬೋರ್ಡ್ ಸೆಟ್ಟಿಂಗ್, ಇವನ್ನೆಲ್ಲ ಮತ್ತೆ ಜೋಡಿಸೋದರಲ್ಲಿ ದಿನ ಕಳೆಯುತ್ತದೆ. ಪ್ರಾಜೆಕ್ಟ್ ಸಬ್ಮಿಷನ್ ವಾರದಲ್ಲಿ ಆ ಒಂದು ದಿನ ಸಿಗುವುದಿಲ್ಲ. ಬ್ಯಾಕಪ್‌ನಲ್ಲಿ ಬಿಟ್ಟುಹೋದ ಒಂದು ಫೋಲ್ಡರ್ ಅಂತೂ ಎಷ್ಟು ದಿನ ಕಾದರೂ ಸಿಗುವುದಿಲ್ಲ.

ಇನ್ನೊಂದು ಮಾತು. ಆಪರೇಟಿಂಗ್ ಸಿಸ್ಟಮ್ಸ್ ಪೇಪರ್‌ನಲ್ಲಿ ಪೇಜಿಂಗ್, ಶೆಡ್ಯೂಲಿಂಗ್, ಥ್ರಾಶಿಂಗ್ ಬಗ್ಗೆ ಹತ್ತು ಮಾರ್ಕಿಗೆ ನೀಟಾಗಿ ಬರೆಯುತ್ತೇವೆ. ಅದೇ ಥ್ರಾಶಿಂಗ್ ನಮ್ಮ ಮೇಜಿನ ಮೇಲೆ ನಡೆಯುವಾಗ ನೋಡದೆ ಫಾರ್ಮ್ಯಾಟ್ ಬಟನ್ ಒತ್ತುತ್ತೇವೆ. ನಾಳೆ ಕೆಲಸಕ್ಕೆ ಸೇರಿದ ಮೇಲೆ ಸರ್ವರ್ ನಿಧಾನವಾದರೆ ಕಾರಣ ಹುಡುಕಲೇಬೇಕಾಗುತ್ತದೆ, ಅಲ್ಲಿ ಸಾವಿರಾರು ಜನರ ಡೇಟಾ ಇರುತ್ತದೆ. ಆ ಅಭ್ಯಾಸ ಈಗಲೇ ನಮ್ಮ ಲ್ಯಾಪ್‌ಟಾಪ್ ಮೇಲೆ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ?

ಇಷ್ಟು ಓದಿದ ಮೇಲೂ ಫಾರ್ಮ್ಯಾಟ್ ಮಾಡೇ ಮಾಡ್ತೀವಿ ಅನ್ನುವವರಿಗೆ ನಮ್ಮದೊಂದು ಕೋರಿಕೆ. ಮಾಡುವ ಮೊದಲು ಬೂಟ್ ಸಮಯ, ರ‍್ಯಾಮ್ ಬಳಕೆ ಬರೆದಿಟ್ಟುಕೊಳ್ಳಿ. ಹೊಸದಾಗಿ ಹಾಕಿ, ನಿಮ್ಮ ಎಲ್ಲಾ ಸಾಫ್ಟ್‌ವೇರ್ ವಾಪಸ್ ತಂದು, ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಆ ಎರಡು ಲೆಕ್ಕ ಹಿಡಿದು ಬನ್ನಿ, ಕ್ಯಾಂಟೀನ್‌ನಲ್ಲಿ ಕೂತು ವಾದ ಮಾಡೋಣ.